ಕೋಡಿ ಎಲ್ಲಿ ಬೀಳುತ್ತದೆ?

ಎಲ್ಲರಿಗೂ ನಮಸ್ಕಾರ. ಇಲ್ಲಿಗೆ ಬರುವಾಗ ಎಷ್ಟು ಜನ ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿದಿರಿ? ಅರ್ಧಕ್ಕಿಂತ ಹೆಚ್ಚು ಕೈಗಳು ಎದ್ದಿವೆ. ಹಾಗಾದರೆ ನೀವೆಲ್ಲ ಕೆರೆಯಂಗಳದಲ್ಲಿ ನಡೆದೇ ಬಂದಿದ್ದೀರಿ. ಆ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಪಕ್ಕದಲ್ಲೇ ಟ್ಯಾಂಕ್ ಬಂಡ್ ರಸ್ತೆ ಇದೆ. ಕೆರೆ ಹೋಯಿತು, ಏರಿಯ ಹೆಸರು ಉಳಿಯಿತು, ಅದೂ ಇಂಗ್ಲಿಷಿನಲ್ಲಿ.

ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗಕ್ಕೆ ಬೇಕು ಅಂತ ಒಂದು ಪುಟ್ಟ ಕೊಳ ಮಾತ್ರ ಬದುಕಿಕೊಂಡಿತು. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಆಡುತ್ತಾರೆ, ಶೂಲೆ ಕೆರೆಯಲ್ಲಿ ಫುಟ್‌ಬಾಲ್. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ವಸತಿ ಸಮುಚ್ಚಯ ಎದ್ದಿತು. ಆಟಕ್ಕೂ ಕೆರೆಗೂ ನಮ್ಮೂರಲ್ಲಿ ಏನೋ ಹಳೇ ಹಗೆ ಇದ್ದ ಹಾಗಿದೆ.

ಈ ಪಟ್ಟಿ ನೀವು ಕೇಳದ್ದೇನಲ್ಲ. ಒಟ್ಟು ಎಷ್ಟು ಕೆರೆ ಇದ್ದವು ಎನ್ನುವ ಲೆಕ್ಕ ಭಾಷಣದಿಂದ ಭಾಷಣಕ್ಕೆ ಬದಲಾಗುತ್ತದೆ, ಹಾಗಾಗಿ ನಾನು ಆ ತಂಟೆಗೆ ಹೋಗುವುದಿಲ್ಲ. ಹೋದ ಕೆರೆಗಳಿಗೆ ಅಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು ಇರುವುದು ನಾವು ಉಳಿಸಿಕೊಂಡಿದ್ದೇವೆ ಅಂತ ಬೀಗುವ ಕೆರೆಗಳ ವಿಚಾರದಲ್ಲಿ.

ಸಂಘಟಕರು ಕೊಟ್ಟ ವಿಷಯ ‘ನಗರ ಮತ್ತು ನಿಸರ್ಗದ ಸಮತೋಲನ’. ಸಮತೋಲನ ಅಂದಕೂಡಲೇ ತಕ್ಕಡಿ ಕಣ್ಣಿಗೆ ಬರುತ್ತದೆ: ಈ ತಟ್ಟೆಯಲ್ಲಿ ಕಟ್ಟಡ, ಆ ತಟ್ಟೆಯಲ್ಲಿ ಮರ. ಬೆಂಗಳೂರನ್ನು ತಿಳಿಯಲು ತಕ್ಕಡಿ ಬೇಡ, ಒಂದು ತಂಬಿಗೆ ನೀರು ಸಾಕು. ನೆಲಕ್ಕೆ ಸುರಿದು ಯಾವ ಕಡೆ ಹರಿಯುತ್ತದೆ ಅಂತ ನೋಡಿ. ಈ ಊರು ಕೂತಿರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಣ್ಣೆಯ ಮೇಲೆ. ಬಸವನಗುಡಿ, ಮಲ್ಲೇಶ್ವರದ ಏರಿನಿಂದ ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿ, ಅರ್ಕಾವತಿಯಾಗಿ ಕಾವೇರಿ ಸೇರುತ್ತದೆ. ಪೂರ್ವಕ್ಕೆ ಇಳಿದದ್ದು ದಕ್ಷಿಣ ಪಿನಾಕಿನಿಗೆ. ದೊಡ್ಡ ನದಿ ಇಲ್ಲದ ಊರು ಇದು, ಮಳೆ ಬಂದರೆ ನಾಲ್ಕೂ ಕಡೆ ಜಾರಿಹೋಗುತ್ತದೆ. ಅದಕ್ಕೇ ಹಿರೀಕರು ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ, ಅದು ಕೋಡಿ ಬಿದ್ದರೆ ಅದರಾಚೆಗೆ. ನಡುವೆ ನೀರು ಹರಿಸುವುದು ರಾಜಕಾಲುವೆ. ಕೆರೆ ಅಂದರೆ ಬಟ್ಟಲಲ್ಲ, ಸರಪಳಿಯ ಒಂದು ಕೊಂಡಿ.

ಇದು ಕೆಂಪೇಗೌಡರಿಗಿಂತಲೂ ಹಳೆಯದು. ಬೆಂಗಳೂರಿನದೇ ಆದ ಅಗರದಲ್ಲಿ ಗಂಗರ ಕಾಲದ, ಒಂಬತ್ತನೇ ಶತಮಾನದ ಶಾಸನ ಸಿಕ್ಕಿದೆ. ಒಬ್ಬಾತ ಕೆರೆಗಳಿಗೆ ತೂಬು ಇಡಿಸಿ, ಇನ್ನೊಂದು ಕೆರೆ ಕಟ್ಟಿಸಿ ಬಿತ್ತುವಟ್ಟ ಪಡೆದದ್ದನ್ನು ಅದು ಹೇಳುತ್ತದೆ. ಬಿತ್ತುವಟ್ಟ ಎಂದರೆ ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟುಕೊಡುತ್ತಿದ್ದ ಭೂಮಿ. ನನಗೆ ಇದರಲ್ಲಿ ಹಿಡಿಸುವುದು ತೂಬಿನ ಮಾತು. ನೀರು ನಿಲ್ಲಿಸಿದ್ದರ ಜೊತೆಗೆ ಬಿಡುವ ದಾರಿಯನ್ನೂ ಕಲ್ಲಿನಲ್ಲಿ ಬರೆಸುವಷ್ಟು ದೊಡ್ಡದಾಗಿ ಕಂಡಿದ್ದರು. ಆ ತೂಬು ಎತ್ತುವ ಕೆಲಸ ನೀರುಗಂಟಿಯದು. ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ಅವನಿಗೆ ಗೊತ್ತು, ಅವನ ಕೂಲಿ ಸುಗ್ಗಿಯಲ್ಲಿ ಕೊಡುವ ಕಾಳು. ಇದನ್ನು ನಾನು ಸುವರ್ಣಯುಗ ಮಾಡಿ ಹೇಳುತ್ತಿಲ್ಲ. ಎಷ್ಟೋ ಊರುಗಳಲ್ಲಿ ನೀರುಗಂಟಿ ದಲಿತರ ಮನೆಯವನು. ಊರಿನ ಗದ್ದೆಗಳಿಗೆಲ್ಲ ನೀರು ಹಾಯಿಸಿದ ಅವನಿಗೆ ಅದೇ ಅಚ್ಚುಕಟ್ಟಿನಲ್ಲಿ ಸ್ವಂತದ್ದೊಂದು ಗದ್ದೆ ಇದ್ದದ್ದು ಅಪರೂಪ.

ಅಗರದಿಂದ ಇಳಿದ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ. ಆ ಬೆಳ್ಳಂದೂರಿನಲ್ಲಿ ನೊರೆ ಎದ್ದು ರಸ್ತೆಗೆ ಹಾರಿತು, 2017ರಲ್ಲಿ ಕೆರೆಗೇ ಬೆಂಕಿ ಬಿತ್ತು. ಸೋಪಿನ ಪುಡಿಯ ನೀರು ವರ್ಷಗಟ್ಟಲೆ ಹೂಳಿನಲ್ಲಿ ಕೂತು, ಮಳೆ ಬಂದಾಗ ಕದಡಿ, ಕೋಡಿಯಲ್ಲಿ ಧುಮುಕುವಾಗ ನೊರೆಯಾಗುತ್ತದೆ. ಬಕೆಟ್ಟಿನಲ್ಲಿ ಬಟ್ಟೆ ನೆನೆಸಿದವರಿಗೆಲ್ಲ ಗೊತ್ತಿರುವ ವಿದ್ಯೆ.

2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆಯ ಆಸುಪಾಸು ಮುಳುಗಿ ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಹದಿನೆಂಟು ತಿಂಗಳಾಗಲಿಲ್ಲ, 2024ರ ಮಾರ್ಚಿನಲ್ಲಿ ಕೊಳವೆಬಾವಿ ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಆದೇಶ ಬಂತು. ಅದೇ ಊರು, ಅದೇ ಜನ. ಮಳೆನೀರು ಮುಂದಕ್ಕೆ ಹೋಗುವ ದಾರಿಯಲ್ಲಿ ನಾವು ಸೈಟು ಮಾಡಿದ್ದೆವು. ನೆಲಕ್ಕೆ ಇಂಗುವ ದಾರಿಗೆ ಕಾಂಕ್ರೀಟು ಹಾಕಿದ್ದೆವು.

ಈಗ ನನ್ನ ತಕರಾರಿಗೆ ಬರುತ್ತೇನೆ. ಕೆರೆ ಅಭಿವೃದ್ಧಿ ಅಂದರೆ ನಮ್ಮಲ್ಲಿ ಏನು ನಡೆಯುತ್ತದೆ? ಹೂಳು ತೆಗೆದು, ಸುತ್ತ ಏರಿ ಎತ್ತರಿಸಿ, ವಾಕಿಂಗ್ ಪಾತ್, ಬೇಲಿ, ಗೇಟು, ನಡುವೆ ಒಂದು ನಡುಗಡ್ಡೆ. ನಿಜವಾದ ಕೆರೆಗೆ ಏರಿ ಇರುವುದು ಇಳಿಜಾರಿನ ಕಡೆ ಮಾತ್ರ. ಇನ್ನೊಂದು ಕಡೆ ತೆಳ್ಳಗೆ ಹರಡಿಕೊಂಡಿರುತ್ತದೆ, ಅಲ್ಲಿ ಜೊಂಡು ಬೆಳೆದು ಕೊಕ್ಕರೆ ನಿಲ್ಲುತ್ತದೆ. ಸುತ್ತಲೂ ಏರಿ ಹಾಕಿದರೆ ಅದು ತೊಟ್ಟಿಯಾಗುತ್ತದೆ. ಆಮೇಲೆ ಕೊಳಚೆ ಬರಬಾರದು ಅಂತ ರಾಜಕಾಲುವೆಯನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಕೊಳಚೆ ಸುತ್ತುಹಾಕಿ ಹೋಗುತ್ತದೆ, ಅದರ ಜೊತೆ ಮಳೆನೀರೂ ಹೋಗುತ್ತದೆ. ನಮ್ಮ ಬಡಾವಣೆಯ ಕೆರೆ ಚೆನ್ನಾಯಿತು. ಕೆಳಗಿನ ಬಡಾವಣೆಗೆ ನಮ್ಮ ಗಲೀಜು ಮೊದಲಿಗಿಂತ ಬೇಗ ತಲುಪಿತು. ನಾನೂ ದಿನಾ ಬೆಳಿಗ್ಗೆ ಅಂಥದ್ದೊಂದು ಕೆರೆ ಸುತ್ತುವವನೇ. ನಾಲ್ಕು ವರ್ಷ ಸುತ್ತಿದ ಮೇಲೆ ಹೊಳೆಯಿತು, ಅದರ ಕೋಡಿ ಎಲ್ಲಿದೆ ಅಂತ ನಾನು ನೋಡಿಯೇ ಇರಲಿಲ್ಲ. ಹುಡುಕಿದೆ. ಒಂದು ಅಪಾರ್ಟ್‌ಮೆಂಟಿನ ಜನರೇಟರ್ ಕೋಣೆಯ ಹಿಂದೆ ಇತ್ತು.

ಜಕ್ಕೂರು ಕೆರೆಯದು ಬೇರೆ ದಾರಿ. ಅಲ್ಲಿ ಕೊಳಚೆಯನ್ನು ಓಡಿಸಲಿಲ್ಲ. ಶುದ್ಧೀಕರಣ ಘಟಕದಿಂದ ಬಂದ ನೀರು ಜೊಂಡಿನ ಜೌಗಿನಲ್ಲಿ ನಿಧಾನ ಹಾದು ಕೆರೆಗೆ ಇಳಿಯುತ್ತದೆ. ಘಟಕ ಅರ್ಧ ಕೆಲಸ ಮಾಡುತ್ತದೆ, ಉಳಿದದ್ದು ಜೊಂಡಿನ ಬೇರಿನದು. ಮೀನು ಹಿಡಿಯುವವರೂ ಇದ್ದಾರೆ, ಹಕ್ಕಿ ನೋಡುವವರೂ ಬರುತ್ತಾರೆ.

ಇನ್ನು ನಮ್ಮ ನಲ್ಲಿಯ ಲೆಕ್ಕ. 1974ರಿಂದ ನಾವು ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಮೇಲಕ್ಕೆತ್ತಿ ತರುತ್ತಿದ್ದೇವೆ. ಮನೆಗೆ ಬಂದ ನೀರಿನ ಬಹುಪಾಲು ಮತ್ತೆ ಮೋರಿಗೇ ಹೋಗುತ್ತದೆ. ಆ ನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ನೋಡಿ ವಿಚಿತ್ರ: ಬೆಂಗಳೂರಿನಲ್ಲಿ ತುಂಡಾದ ಸರಪಳಿ ಕೋಲಾರದಲ್ಲಿ ಇನ್ನೂ ಗಟ್ಟಿ ಇತ್ತು. ಒಂದು ಕೆರೆ ಕೋಡಿ ಬಿದ್ದು ಇನ್ನೊಂದಕ್ಕೆ ಹರಿಯಿತು, ಬತ್ತಿದ್ದ ಬಾವಿಗಳಲ್ಲಿ ನೀರು ಕಾಣಿಸಿತು. ಆದರೆ ಶುರುವಿನಲ್ಲೇ ಲಕ್ಷ್ಮೀಸಾಗರದಲ್ಲಿ ನೊರೆಯೂ ಎದ್ದಿತು, ಬೆಳ್ಳಂದೂರಿನ ನೊರೆ. ಎರಡು ಹಂತ ಶುದ್ಧೀಕರಿಸಿದ ನೀರು ಸಾಲದು, ಮೂರನೇ ಹಂತವೂ ಆಗಲಿ ಅಂತ ಅಲ್ಲಿನ ರೈತರು ಅಂದಿನಿಂದ ಕೇಳುತ್ತಿದ್ದಾರೆ. ಈ ಸರಪಳಿಯಲ್ಲಿ ಮೇಲಿನ ಕೆರೆಯವರು ನಾವು, ಕೆಳಗಿನವರು ಅವರು.

ನನ್ನ ಸಮಯ ಮುಗಿಯಿತು ಅಂತ ಚೀಟಿ ಬಂದಿದೆ. ಪ್ರಶ್ನೆಗಳಿಗೆ ಹೋಗೋಣ. ಸಭೆಯಲ್ಲಿ ಕೋಲಾರದ ಕಡೆಯವರು ಯಾರಾದರೂ ಇದ್ದರೆ, ಮೈಕು ಮೊದಲು ಅವರಿಗೆ ಕೊಡಿ.