ಮೂವತ್ತು–ನಲವತ್ತರ ಸೈಟಿನಷ್ಟು ಬಾವುಟ: ಬಾಲ್ಟಿಮೋರ್‌ನ ಕೋಟೆಯಲ್ಲಿ ಒಂದು ಮಧ್ಯಾಹ್ನ

ಇದು ಅಮೆರಿಕದ ಬಾಲ್ಟಿಮೋರ್ ಬಂದರನ್ನು ಕಾಯುತ್ತಿದ್ದ ಫೋರ್ಟ್ ಮೆಕ್‌ಹೆನ್ರಿ. ಮೇಲಿನಿಂದ ನೋಡಿದರೆ ಐದು ಮೂಲೆಯ ನಕ್ಷತ್ರದಂತಿದೆ. ನಾವು ಕೆಳಗೇ ನಿಂತಿರುವುದರಿಂದ ಸದ್ಯಕ್ಕೆ ಇಟ್ಟಿಗೆಯ ಗೋಡೆ ನೋಡಿ. ಎಡಮೂಲೆಯಲ್ಲಿ ಕಾಣುವುದು ನಮ್ಮವರ ಬೆರಳು. ವಿಡಿಯೊ ಮುಗಿಯುವವರೆಗೂ ಅದು ಅಲ್ಲೇ ಇರುತ್ತದೆ.

ನಾನು ಬಂದದ್ದು ಇಲ್ಲಿನ ದೊಡ್ಡ ಬಾವುಟ ನೋಡಲು. ಕಂಬದ ತುದಿ ನೋಡಿ, ಅಲ್ಲಿರುವುದು ಸಣ್ಣದು! ಗಾಳಿ ಜೋರಾಗಿದ್ದರೆ ದೊಡ್ಡದನ್ನು ಏರಿಸುವುದಿಲ್ಲವಂತೆ. ಗಾಳಿ ತೀರಾ ಕಡಿಮೆಯಿದ್ದರೂ ಏರಿಸುವುದಿಲ್ಲವಂತೆ. ಒಟ್ಟಿನಲ್ಲಿ ಮಹಾರಾಣಿಗೆ ಹದವಾದ ಗಾಳಿಯೇ ಆಗಬೇಕು. ಇದೇ ಗಾಳಿ ನನ್ನ ಮೈಕಿನೊಳಗೂ ನುಗ್ಗಿ, ಅಲ್ಲಿ ಆಡಿದ ಒಂದು ಮಾತೂ ಉಳಿದಿಲ್ಲ. ಅದಕ್ಕೇ ಈಗ ಮನೆಯಲ್ಲಿ ಕುಳಿತು ಮತ್ತೆ ಹೇಳುತ್ತಿದ್ದೇನೆ.

ಸರಿ, ಬಾವುಟದ ಬಿಲ್ಲಿಗೆ ಬರೋಣ. 1813ರಲ್ಲಿ ಈ ಕೋಟೆಯ ಅಧಿಕಾರಿ ಜಾರ್ಜ್ ಆರ್ಮಿಸ್ಟೆಡ್. ಬ್ರಿಟಿಷರೊಡನೆ ಯುದ್ಧ ನಡೆಯುತ್ತಿತ್ತು. ದೂರದಿಂದಲೇ ಶತ್ರುವಿನ ಕಣ್ಣು ಕುಕ್ಕುವಂಥ ಬಾವುಟ ಬೇಕೆಂಬುದು ಅವನ ಹಟ. ಕೆಲಸ ಸಿಕ್ಕಿದ್ದು ಊರಿನಲ್ಲಿ ಬಾವುಟ ಹೊಲಿದು ಬದುಕುತ್ತಿದ್ದ ಮೇರಿ ಪಿಕರ್ಸ್‌ಗಿಲ್ ಎಂಬ ವಿಧವೆಗೆ. ಅಳತೆ 30 ಅಡಿಗೆ 42 ಅಡಿ. ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಮೂವತ್ತು–ನಲವತ್ತರ ಸೈಟನ್ನೇ ಎತ್ತಿ ಕಂಬಕ್ಕೆ ಕಟ್ಟಿದ ಹಾಗೆ. ಬಿಲ್ಲು 405 ಡಾಲರ್ 90 ಸೆಂಟ್. ಆಗ ಸಾಮಾನ್ಯ ಸಿಪಾಯಿಯ ಸಂಬಳ ತಿಂಗಳಿಗೆ 8 ಡಾಲರ್. ನಾಲ್ಕು ವರ್ಷ ಉಣ್ಣದೆ, ಉಡದೆ ಕೂಡಿಟ್ಟರೂ ಅವನ ಕೈಗೆ ಈ ಬಟ್ಟೆ ಸಿಗುತ್ತಿರಲಿಲ್ಲ.

ಮೊದಲು ನನಗೆ ಅನ್ನಿಸಿದ್ದು, ಇದು ಶುದ್ಧ ದುಂದು. ಆಮೇಲೆ ಕ್ಯಾಲ್ಕುಲೇಟರ್ ತೆಗೆದೆ. ಮಳೆ ಗಾಳಿಗೆಂದು ಅದೇ ಹೆಂಗಸು ಹೊಲಿದ ಇನ್ನೊಂದು ಬಾವುಟ 17 ಅಡಿಗೆ 25 ಅಡಿ, ಬೆಲೆ 168 ಡಾಲರ್ 54 ಸೆಂಟ್. ಚದರಡಿಗೆ ಸಣ್ಣದು ಸುಮಾರು 40 ಸೆಂಟ್, ದೊಡ್ಡದು 32 ಸೆಂಟ್! ದೊಡ್ಡದೇ ಅಗ್ಗ. ನಾನಾಗಿದ್ದರೂ ದೊಡ್ಡದನ್ನೇ ಹೊಲಿಸುತ್ತಿದ್ದೆ.

ಹೊಲಿದವರ ಪಾಡು ಬೇರೆ. ಒಂದೊಂದು ಪಟ್ಟೆಯೇ ಎರಡಡಿ ಅಗಲ. ಮೇರಿಯ ಮಗಳು, ಅಣ್ಣನ ಮಕ್ಕಳು, ಜೊತೆಗೆ ಕರಾರಿನ ಮೇಲೆ ಮನೆಗೆಲಸಕ್ಕಿದ್ದ ಗ್ರೇಸ್ ವಿಷರ್ ಎಂಬ ಕಪ್ಪು ಹುಡುಗಿ, ಎಲ್ಲರೂ ಸೂಜಿ ಹಿಡಿದರು. ಬಟ್ಟೆ ಮನೆಯಲ್ಲಿ ಹಿಡಿಸದೆ, ಹತ್ತಿರದ ಬಿಯರ್ ಕಾರ್ಖಾನೆಯ ನೆಲದ ಮೇಲೆ ಹಾಸಿಕೊಂಡು ಜೋಡಿಸಿದರಂತೆ. ಬಿಲ್ಲು ಮೇರಿಯ ಹೆಸರಿಗೆ. ಗ್ರೇಸ್‌ಗೆ ಬಂದದ್ದೇನು? ನನ್ನನ್ನು ಕೇಳಿದರೆ, ಫಲಕಗಳಲ್ಲಿ ಆರ್ಮಿಸ್ಟೆಡ್‌ನ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಇವಳ ಹೆಸರೂ ಇರಬೇಕು.

ಇಗೋ, ಫಿರಂಗಿ ಸಾಲಿನ ದೃಶ್ಯ ಬಂದೇಬಿಟ್ಟಿತು. ಬೇಗ ಹೇಳುತ್ತೇನೆ. 1814ರ ಆಗಸ್ಟ್‌ನಲ್ಲಿ ಬ್ರಿಟಿಷರು ವಾಷಿಂಗ್ಟನ್‌ಗೆ ನುಗ್ಗಿ ಅಧ್ಯಕ್ಷರ ಮನೆಗೇ ಬೆಂಕಿ ಇಟ್ಟರು. ಸೆಪ್ಟೆಂಬರ್ 13ರ ಬೆಳಗ್ಗೆ ಇಲ್ಲಿಗೆ ಬಂದರು. ಹಡಗುಗಳು ಎರಡು ಮೈಲಿ ಆಚೆ ನಿಂತು ಸುಮಾರು 25 ಗಂಟೆ ಗುಂಡು ಸುರಿಸಿದವು. ಕೋಟೆಯ ಫಿರಂಗಿಗಳಿಗೆ ಅಷ್ಟು ದೂರ ಎಟುಕುತ್ತಿರಲಿಲ್ಲ. ಸುಮಾರು ಸಾವಿರ ಜನ ಮಳೆಯಲ್ಲಿ ಕುಳಿತು ಪೆಟ್ಟು ತಿನ್ನಬೇಕಾಯಿತು. ಒಂದು ಬಾಂಬು ನೇರ ಮದ್ದಿನ ಮನೆಗೇ ಬಿತ್ತು. ಅದು ಸಿಡಿಯಲಿಲ್ಲ! ಸಿಡಿದಿದ್ದರೆ ಈ ವಿಡಿಯೊಗೆ ಗೋಡೆಯೂ ಇರುತ್ತಿರಲಿಲ್ಲ. ಕೋಟೆಯಲ್ಲಿ ಸತ್ತವರು ನಾಲ್ವರು.

ಅಂದು ಗುಂಡಿನ ಜೊತೆ ರಾಕೆಟ್‌ಗಳೂ ಹಾರಿದವು, ಅದರಲ್ಲಿ ನಮ್ಮ ಮೈಸೂರಿನ ನಂಟೂ ಇದೆ. ಎರೆಬಸ್ ಎಂಬ ಹಡಗಿನಿಂದ ಹಾರಿದ್ದು ಕಾಂಗ್ರೀವ್ ರಾಕೆಟ್‌ಗಳು. ಕಬ್ಬಿಣದ ಕೊಳವೆಗೆ ಮದ್ದು ತುಂಬುವ ಮೈಸೂರಿನ ರಾಕೆಟ್‌ಗಳನ್ನು ಬ್ರಿಟಿಷರು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಒಯ್ದರು. ವಿಲಿಯಂ ಕಾಂಗ್ರೀವ್ ತನ್ನವನ್ನು ರೂಪಿಸಿದ್ದು ಅವನ್ನು ನೋಡಿಕೊಂಡೇ. ಹೊಸನಗರ ತಾಲ್ಲೂಕಿನ ನಗರದ ಹಳೆಯ ಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕಿದ್ದವಲ್ಲ, ಅದೇ ಜಾತಿಯವು. ಆದರೆ ಎದೆಯುಬ್ಬಿಸುವ ಮುನ್ನ ಒಂದು ಮಾತು: ಇಲ್ಲಿ ಆ ರಾಕೆಟ್‌ಗಳಿಂದ ಕೋಟೆಗೆ ಆದ ಹಾನಿ ಅಷ್ಟಕ್ಕಷ್ಟೇ. ಬೆಳಕು ಮಾತ್ರ ಭರ್ಜರಿ. ಕೈದಿಯಾಗಿದ್ದ ವೈದ್ಯನೊಬ್ಬನನ್ನು ಬಿಡಿಸಲು ಹೋಗಿ ತಾನೇ ನೀರಿನ ಮೇಲೆ ಸಿಕ್ಕಿಬಿದ್ದಿದ್ದ ವಕೀಲ ಫ್ರಾನ್ಸಿಸ್ ಸ್ಕಾಟ್ ಕೀ ಇದನ್ನೆಲ್ಲ ಮೈಲಿಗಟ್ಟಲೆ ದೂರದಿಂದ ನೋಡಿ ಪದ್ಯ ಬರೆದ. 1931ರಲ್ಲಿ ಅದೇ ಇವರ ರಾಷ್ಟ್ರಗೀತೆಯಾಯಿತು, ರಾಕೆಟ್‌ನ ಕೆಂಪು ಹೊಳಪು ಈಗಲೂ ಅದರಲ್ಲಿದೆ. ಗುರಿ ತಪ್ಪಿದ್ದಕ್ಕೆ ಸಿಕ್ಕ ಮರ್ಯಾದೆ ನೋಡಿ!

ಆ ರಾತ್ರಿಯ ಮಳೆಯಲ್ಲಿ ಇದ್ದದ್ದೂ ಸಣ್ಣ ಬಾವುಟವೇ, ಬೆಳಗ್ಗೆ ಹಡಗುಗಳು ಹಿಂದೆಗೆದಾಗ ದೊಡ್ಡದನ್ನು ಏರಿಸಿದರು ಎನ್ನುತ್ತಾರೆ. ಹಾಗಿದ್ದರೆ ನನ್ನ ಗೊಣಗಾಟವನ್ನು ಅರ್ಧ ವಾಪಸು ತೆಗೆದುಕೊಳ್ಳುತ್ತೇನೆ. ಅರ್ಧ ಮಾತ್ರ.

ಅಸಲಿ ಬಾವುಟ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ಉದ್ದ ಈಗ 34 ಅಡಿ. ಉಳಿದ 8 ಅಡಿಯನ್ನು ಆರ್ಮಿಸ್ಟೆಡ್‌ನ ಮನೆಯವರು ಬೇಡಿದ ಕೆಲವರಿಗೆ ನೆನಪಿಗೆಂದು ಕತ್ತರಿಸಿ ಕೊಟ್ಟುಬಿಟ್ಟರು. 15 ನಕ್ಷತ್ರಗಳಲ್ಲಿ ಒಂದು ಪೂರಾ ನಾಪತ್ತೆ. ಆ ಕೊಠಡಿಯಲ್ಲಿ ಕ್ಯಾಮೆರಾ ತೆಗೆಯುವಂತಿಲ್ಲವಂತೆ, ಹಾಗಾಗಿ ಅಲ್ಲಿಗೆ ನಿಮ್ಮನ್ನು ಬಿಟ್ಟೇ ಹೋಗುತ್ತೇನೆ. ಬೆರಳಿಗೂ ಅಂದು ರಜೆ.