ಮಿಲಿಟರಿಗೆ ಅವಳು ಎಂತಕ್ಕೆ ಸೇರಬಾರ್ದು

ಎಲ್ರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆ ಹುಡುಗ್ರನ್ನ ಮಿಲಿಟರಿ ಭರ್ತಿಗೆ ಓಡಿಸೋನು, ಹನ್ನೊಂದು ವರ್ಷ ಆಯ್ತು. ಬೆಳಿಗ್ಗೆ ಐದಕ್ಕೆ ಅಡಿಕೆ ತೋಟದ ಮೇಲೆ ಮಂಜು ಇನ್ನೂ ಕೂತಿರುತ್ತೆ, ಆಗ್ಲೇ ನಾವು ಬಯಲಲ್ಲಿ. 1.6 ಕಿಲೋಮೀಟರ್ ಓಟ, ನನ್ನ ಕೈಲಿ ಸ್ಟಾಪ್‌ವಾಚ್.

ಅಲ್ಲಿಗೆ ಒಬ್ಳು ಟ್ರಾನ್ಸ್‌ಜೆಂಡರ್ ಹುಡುಗಿ ಬರ್ತಿದ್ಲು. ಮನೇಲಿ ಇನ್ನೂ ಹುಡುಗನ ಹೆಸರಲ್ಲೇ ಕರೀತಿದ್ರು, ಮಾರ್ಕ್ಸ್ ಕಾರ್ಡಲ್ಲೂ ಅದೇ ಹೆಸರು. ಮಳೆಗಾಲದಲ್ಲಿ ಒಂದಿನ ಓಡಿ ಬಂದು ನಿಂತ್ಲು, ಮೊಣಕಾಲ್ ತನಕ ಕೆಂಪು ರಾಡಿ, ಹಿಮ್ಮಡೀಲಿ ಇಂಬಳ ಕಚ್ಕೊಂಡು ರಕ್ತ ಸೋರ್ತಿದೆ, ಅದನ್ನ ನೋಡ್ಲೂ ಇಲ್ಲ, "ಸರ್, ಟೈಮ್ ಎಷ್ಟು?" ಅಂದ್ಲು. 5 ನಿಮಿಷ 24 ಸೆಕೆಂಡ್. ಅರ್ಜಿ ಹಾಕೋಕೆ ಕೂತ್ರೆ ಗಂಡು ಅಥವಾ ಹೆಣ್ಣು, ನಮ್ಮ ಸೇನೇಲಿ ಭರ್ತಿ ಅಷ್ಟರಲ್ಲೇ. ನಾನೇ ಹೇಳ್ದೆ, ಗಂಡು ಅಂತ ಹಾಕ್ಬಿಡು ಅಂತ. ಹಾಗ್ ಹೇಳಿದ್ದು ತಪ್ಪು. "ಆಮೇಲೆ ಗೊತ್ತಾದ್ರೆ ತೆಗೀತಾರೆ ಸರ್" ಅಂದ್ಲು.

ಅವಳು ಹೇಳಿದ್ದು ಸುಮ್ನೆ ಅಲ್ಲ. 2010ರಲ್ಲಿ ನೌಕಾಪಡೆ ಸೇರಿದ್ದ ನಾವಿಕರೊಬ್ರು ಆಪರೇಷನ್ ಮಾಡಿಸ್ಕೊಂಡು ಹೆಣ್ಣಾದ್ರು, 2017ರ ಅಕ್ಟೋಬರಲ್ಲಿ ಅವ್ರನ್ನ ಕೆಲಸದಿಂದ ತೆಗೆದ್ರು, ಸೇರುವಾಗ ಇದ್ದ ಲಿಂಗ ಬದಲಾಗಿದೆ, ಅದು ನೇಮಕಾತಿ ನಿಯಮಕ್ಕೆ ವಿರುದ್ಧ ಅಂತ. ಕೆಲಸ ಬರ್ತಿರ್ಲಿಲ್ಲ ಅಂತ ಅಲ್ಲ ಮಾರಾಯ್ರೆ! ಅದಕ್ಕೆ ಮೂರು ವರ್ಷ ಮೊದ್ಲೇ, 2014ರಲ್ಲಿ, ತಾನು ಗಂಡೋ, ಹೆಣ್ಣೋ, ಬೇರೆಯೋ ಅಂತ ಹೇಳ್ಕೊಳ್ಳೋ ಹಕ್ಕು ಟ್ರಾನ್ಸ್‌ಜೆಂಡರ್ ಜನರದ್ದೇ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. 2019ರ ಟ್ರಾನ್ಸ್‌ಜೆಂಡರ್ ಹಕ್ಕುಗಳ ಕಾಯ್ದೇಲೂ ಉದ್ಯೋಗದಲ್ಲಿ ತಾರತಮ್ಯ ಮಾಡಬಾರ್ದು ಅಂತಿದೆ.

ಬ್ಯಾರಕ್ ಎಲ್ಲಿ, ಬಾತ್‌ರೂಮ್ ಎಲ್ಲಿ ಅಂತ ಕೇಳ್ತಾರೆ. ಮಾಜಿ ಸೈನಿಕ್ರು ಕೇಳಿದಾಗ ನಾನು ತಳ್ಳಿಹಾಕಲ್ಲ, ಹತ್ತಿಪ್ಪತ್ ಜನ ಒಂದೇ ಕಡೆ ಮಲಗೋ ಜಾಗದಲ್ಲಿ ಅದು ನಿಜವಾದ ಪ್ರಶ್ನೆ. ಆದ್ರೆ ಸೇನೆಗೆ ಅಧಿಕಾರಿಗಳನ್ನ ತಯಾರು ಮಾಡೋ ಎನ್‌ಡಿಎ ಅಕಾಡೆಮಿಗೆ ಹೆಣ್ಮಕ್ಳು ಬರೋಕೆ ಮುಂಚೆನೂ ಇದೇ ಮಾತಿತ್ತು, ಕೋರ್ಟ್ ಹೇಳಿದ್ಮೇಲೆ 2022ರಲ್ಲಿ ಬಂದ್ರು, ವ್ಯವಸ್ಥೆನೂ ಆಯ್ತು. ಖರ್ಚು ಅಂತೀರಾ, ಅಮೆರಿಕದ ರ್ಯಾಂಡ್ ಅನ್ನೋ ಸಂಶೋಧನಾ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿದ್ದು, ಅಲ್ಲಿನ ಅಷ್ಟು ದೊಡ್ಡ ಸೈನ್ಯಕ್ಕೆ ಟ್ರಾನ್ಸ್‌ಜೆಂಡರ್ ಸೈನಿಕರ ಚಿಕಿತ್ಸೆಯಿಂದ ಹೆಚ್ಚೋ ಖರ್ಚು ವರ್ಷಕ್ಕೆ ಜಾಸ್ತಿ ಅಂದ್ರೆ 84 ಲಕ್ಷ ಡಾಲರ್. ಆದ್ರೂ ಅಲ್ಲಿ 2016ರಲ್ಲಿ ಬಾಗ್ಲು ತೆಗೆದ್ರು, 2019ರಲ್ಲಿ ಹಾಕಿದ್ರು, 2021ರಲ್ಲಿ ತೆಗೆದ್ರು, 2025ರಲ್ಲಿ ಮತ್ತೆ ಹಾಕಿದ್ರು. ಅಧ್ಯಕ್ಷ ಬದಲಾದ್ರೆ ನಿಯಮ ಬದಲು, ಯೂನಿಫಾರ್ಮ್ ಹಾಕಿ ದುಡೀತಿದ್ದೋರ ಗತಿ ಏನು? ನೆದರ್ಲ್ಯಾಂಡ್ಸ್ 1974ರಲ್ಲೇ ಸೇರಿಸ್ಕೊಂಡಿದೆ.

ನಮ್ಮ ಸರ್ಕಾರ 2021ರಲ್ಲಿ ರಾಜ್ಯದ ನೇಮಕಾತೀಲಿ ಇವರಿಗೆ ಶೇ. 1 ಮೀಸಲಾತಿ ಕೊಡ್ತು, ನಂಗೆ ಅದು ತುಂಬಾ ಹೆಮ್ಮೆ. ಅಂದ್ರೆ ಇಲ್ಲೇ ಮಾಚೇನಹಳ್ಳಿ ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ಗೇಟ್ ಒಳಗೆ ಅವಳು ಲಾಠಿ ಹಿಡಿಬಹುದು, ಅದೇ ಕಾಲು, ಅದೇ ಉಸಿರು, ಗಡೀಲಿ ಮಾತ್ರ ಬೇಡ ಅಂದ್ರೆ ನಂಗೆ ಅರ್ಥ ಆಗಲ್ಲ. ಎತ್ತರ ಅಳೀರಿ, ಓಡ್ಸಿ, ಗುಂಡು ಹೊಡೆಸಿ ನೋಡಿ, ಆಗ್ಲಿಲ್ಲ ಅಂದ್ರೆ ಬೇರೆಯವರ ಹಾಗೇ ಮನೆಗ್ ಕಳ್ಸಿ. ಓಡೋಕೇ ಬಿಡಲ್ಲ ಅನ್ಬೇಡಿ.

ಡಿಸಿ ಆಫೀಸಿಂದ ಅವಳಿಗೆ ಟ್ರಾನ್ಸ್‌ಜೆಂಡರ್ ಸರ್ಟಿಫಿಕೇಟ್ ಬಂದಿದೆ, ಈಗ ಪೊಲೀಸ್ ಪರೀಕ್ಷೆಗೆ ಓದ್ತಿದಾಳೆ. ಬೆಳಿಗ್ಗೆ ಐದಕ್ಕೆ ಈಗ್ಲೂ ಬರ್ತಾಳೆ, ಮಿಲಿಟರಿ ಹುಡುಗ್ರ ಜೊತೆನೇ ಓಡ್ತಾಳೆ. ನಿಮ್ದೇನಾದ್ರೂ ಪ್ರಶ್ನೆ ಇದ್ರೆ ಕೇಳಿ.