ಒಂದು ಹಲ್ಲಿಗೆ ಎಷ್ಟು ಬಸ್ ಚಾರ್ಜು?

ಕೇಳುಗರಿಗೆಲ್ಲ ನಮಸ್ಕಾರ.

ಹಲ್ಲು ನೋವು ಜೋರಾಗುವುದು ಸಾಮಾನ್ಯವಾಗಿ ರಾತ್ರಿ ಹೊತ್ತು. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಸ್ವಲ್ಪ ಜಾಸ್ತಿಯಾಗುತ್ತದೆ, ಹುಳುಕು ಹಲ್ಲಿನೊಳಗಿನ ನರ ಬಡಿದುಕೊಳ್ಳುತ್ತದೆ. ಒಬ್ಬರಿಗೆ ನೋವು ಬಂದರೆ ಇಡೀ ಮನೆಗೆ ನಿದ್ದೆ ಇಲ್ಲ. ಒಬ್ಬರು ಲವಂಗ ಹುಡುಕುತ್ತಾರೆ, ಇನ್ನೊಬ್ಬರು ಉಪ್ಪುನೀರು ಕಾಯಿಸುತ್ತಾರೆ. ಲವಂಗದಲ್ಲಿ ಯೂಜಿನಾಲ್ ಅಂತ ಇದೆ, ದಂತ ವೈದ್ಯರೂ ಅದನ್ನು ತಾತ್ಕಾಲಿಕ ಸಿಮೆಂಟಿನಲ್ಲಿ ಬಳಸುತ್ತಾರೆ. ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಅಷ್ಟೇ. ಆಮೇಲೆ ಮಾತು ಶುರು: ಬೆಳಗ್ಗೆ ಎಲ್ಲಿಗೆ ಹೋಗೋದು?

ದಾವಣಗೆರೆ ಸುತ್ತಮುತ್ತಲಿನವರಿಗೆ ದಾರಿಗಳೇನೂ ಕಡಿಮೆ ಇಲ್ಲ. ಊರಲ್ಲೇ ಮೆಡಿಕಲ್ ಶಾಪಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರಿದ್ದಾರೆ. ಪೇಟೆಯಲ್ಲಿ ಖಾಸಗಿ ಕ್ಲಿನಿಕ್ಕುಗಳಿವೆ. ಬಾಪೂಜಿ ದಂತ ಕಾಲೇಜು 1979ರಲ್ಲೇ ಶುರುವಾಯಿತು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ 1991ರಲ್ಲಿ ಬಂತು. ಚಿತ್ರದುರ್ಗದಲ್ಲಿ ಎಸ್‌ಜೆಎಂ ದಂತ ಕಾಲೇಜಿದೆ. ಹೀಗಿದ್ದೂ ಕಾಲೇಜಿನಿಂದ ಕೂಗಳತೆಯಲ್ಲಿರುವ ಮನೆಯವರು ಜಾಸ್ತಿ ದುಡ್ಡು ಕೊಟ್ಟು ಕ್ಲಿನಿಕ್ಕಿಗೆ ಹೋಗುತ್ತಾರೆ. ಜಗಳೂರಿನ ಆಚೆ ಹಳ್ಳಿಯವರು ಎರಡು ಬಸ್ ಹತ್ತಿಳಿದು ಕಾಲೇಜಿಗೆ ಬರುತ್ತಾರೆ.

ಫೀಸು ಒಂದು ಕಾರಣ, ನಿಜ. ಆದರೆ ನಾನು ಕಂಡ ಮಟ್ಟಿಗೆ ಮನೆಗಳು ದಿನದ ಲೆಕ್ಕ ಹಾಕುತ್ತವೆ. ಎಷ್ಟು ಸಲ ಹೋಗಬೇಕು? ಜೊತೆಗೆ ಯಾರು? ಆ ದಿನದ ಕೂಲಿ ಯಾರದ್ದು ಹೋಗುತ್ತದೆ?

ಕಾಲೇಜು ಆಸ್ಪತ್ರೆಯ ಕೆಲಸ ನಡೆಯುವ ರೀತಿ ನೋಡಿ. ಬೆಳಗ್ಗೆ ಕೌಂಟರಿನಲ್ಲಿ ಚೀಟಿ ಮಾಡಿಸಬೇಕು. ಮೊದಲು ತಪಾಸಣೆ ವಿಭಾಗ. ಅಲ್ಲಿ ಬಾಯಿ ನೋಡಿ, ಬೇಕಾದರೆ ಎಕ್ಸ್‌ರೇಗೆ ಕಳಿಸುತ್ತಾರೆ. ಕೀಳುವುದಕ್ಕೆ ಒಂದು ವಿಭಾಗ, ಹಲ್ಲಿನೊಳಗಿನ ಕೆಟ್ಟ ನರ ತೆಗೆದು ತುಂಬುವ ರೂಟ್ ಕೆನಾಲಿಗೆ ಇನ್ನೊಂದು, ವಸಡಿಗೆ ಮತ್ತೊಂದು, ಮಕ್ಕಳಿಗೆ ಬೇರೆಯದೇ. ಕುರ್ಚಿಯಲ್ಲಿ ಕೂತ ಮೇಲೆ ಕೈ ಹಾಕುವುದು ಬಹಳ ಸಲ ವಿದ್ಯಾರ್ಥಿ. ದಂತ ವೈದ್ಯರ ಪದವಿ ಬಿಡಿಎಸ್ ಅಂದರೆ ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಮೂರನೇ ವರ್ಷದಿಂದ ರೋಗಿಗಳನ್ನು ನೋಡುತ್ತಾರೆ. ಹುಳುಕು ಒಂದಿಷ್ಟು ತೆಗೆಯುವುದು, ಮೇಷ್ಟ್ರನ್ನು ಕರೆಯುವುದು. ಮೇಷ್ಟ್ರು ಬಂದು ಪುಟ್ಟ ಕನ್ನಡಿಯಲ್ಲಿ ಇಣುಕಿ "ಆ ಮೂಲೇಲಿ ಇನ್ನೂ ಇದೆ, ತೆಗಿ" ಅನ್ನುವುದು. ಬಾಯಿ ತೆರೆದು ಕೂತವರಿಗೆ ದವಡೆ ಸೋಲುತ್ತದೆ. ಕ್ಲಿನಿಕ್ಕಿನಲ್ಲಿ ಬೇಗ ಮುಗಿಯುವ ಕೆಲಸ ಇಲ್ಲಿ ಅರ್ಧ ದಿನ ಹಿಡಿಯಬಹುದು.

"ಹುಡುಗರು ಕಲಿಯೋಕೆ ನಮ್ಮ ಬಾಯೇ ಬೇಕಾ?" ಅಂತ ಕೇಳುವವರಿದ್ದಾರೆ. ಭಯ ಅರ್ಥವಾಗುತ್ತದೆ. ಆದರೆ ಅಲ್ಲಿ ಒಂದು ಹಲ್ಲನ್ನು ಇಬ್ಬರು ನೋಡುತ್ತಾರೆ, ಹಂತ ಹಂತಕ್ಕೂ ಮೇಷ್ಟ್ರು ಒಪ್ಪಬೇಕು. ಅವಸರದ ಕೆಲಸಕ್ಕಿಂತ ಅದು ಎಷ್ಟೋ ಮೇಲು. ಇನ್ನೊಂದು ತಮಾಷೆಯೂ ಇದೆ. ವಿದ್ಯಾರ್ಥಿಗಳು ಇಷ್ಟು ಹಲ್ಲು ತುಂಬಿಸಬೇಕು, ಇಷ್ಟು ಹಲ್ಲಿನ ಸೆಟ್ ಕಟ್ಟಬೇಕು ಅಂತ ಲೆಕ್ಕ ಇರುತ್ತದೆ. ಹಾಗಾಗಿ ಅವರೇ ಫೋನು ಮಾಡುತ್ತಾರೆ: "ಅಜ್ಜಾ, ನಾಳೆ ತಪ್ಪಿಸಬೇಡಿ, ಬರ್ತೀರಲ್ವಾ?" ಪರೀಕ್ಷೆ ಹತ್ತಿರ ಬಂದರೆ ಅಜ್ಜನಿಗೆ ಮದುವೆ ಮನೆ ಬೀಗರ ಮರ್ಯಾದೆ.

ಖಾಸಗಿ ಕ್ಲಿನಿಕ್ಕಿನಲ್ಲಿ ದುಡ್ಡು ಹೋಗುತ್ತದೆ, ದಿನ ಉಳಿಯುತ್ತದೆ. ಸಂಜೆ ಏಳಕ್ಕೂ ತೆರೆದಿರುತ್ತದೆ. ಅಂಗಡಿ ನಡೆಸುವವರು, ಗಾರೆ ಕೆಲಸದವರು, ಮೇಷ್ಟ್ರು ಕೆಲಸದವರು ಅತ್ತ ವಾಲುವುದಕ್ಕೆ ಇದೇ ಕಾರಣ. ಆಯ್ಕೆ ನಡೆಯುವುದು ಬೋರ್ಡು ನೋಡಿ ಅಲ್ಲ. ಬೀಗರ ಮನೆಯವರು ಹೋಗಿದ್ದರು, ನೋವಾಗದ ಹಾಗೆ ಕಿತ್ತರಂತೆ. ಆ "ಅಂತೆ" ಸಾಕು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ಲೆಕ್ಕ ಒಂಚೂರು ಬದಲಾಗಿದೆ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ರೂಟ್ ಕೆನಾಲಿಗೆ ಮೂರು ಸಲ ಬಾ ಅಂದರೆ ಬಸ್ ಚಾರ್ಜಿನ ನೆಪ ಹೇಳುವಂತಿಲ್ಲ. ಖಾಸಗಿ ಬಸ್ಸೇ ಓಡುವ ದಾರಿಯವರಿಗೆ ಈ ಅನುಕೂಲ ಇಲ್ಲ ಅನ್ನಿ. ಬಸ್ ಪುಕ್ಕಟೆಯಾದರೂ ಆ ದಿನದ ಕೂಲಿ ಮಾತ್ರ ಹೋಗಿಯೇ ಹೋಗುತ್ತದೆ.

ಅದಕ್ಕೇ ನಮ್ಮ ಕಡೆ ಬಹಳ ಹಲ್ಲು ಕೀಳಿಸಿಕೊಂಡೇ ಹೋಗುತ್ತವೆ. "ಕಿತ್ತುಬಿಡಿ ಸಾರ್, ಒಂದೇ ಸಲಕ್ಕೆ ಮುಗೀಲಿ." ಒಂದು ದಿನದ ಕೆಲಸ ನೋಡಿ. ಆದರೆ ದವಡೆ ಹಲ್ಲು ಹೋದ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಇಳಿಯುತ್ತದೆ, ಅಗಿಯುವುದೆಲ್ಲ ಇನ್ನೊಂದು ಕಡೆಗೆ ಬೀಳುತ್ತದೆ. ಇನ್ನು ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಅಂತ ಈಗಲೂ ಹೇಳುವವರಿದ್ದಾರೆ. ಸುಳ್ಳು. ಹಲ್ಲಿನ ನರ ಬೇರೆ, ನೋಟದ ನರ ಬೇರೆ.

ಮೆಡಿಕಲ್ ಶಾಪಿನ ಮಾತ್ರೆ ಇದಕ್ಕಿಂತ ಮೋಸದ್ದು. ನಾಲ್ಕು ದಿನ ನುಂಗುತ್ತಾರೆ, ನೋವು ಹೋಗುತ್ತದೆ, ವಾಸಿಯಾಯಿತು ಅಂತಾರೆ. ಎಷ್ಟೋ ಸಲ ಒಳಗಿನ ನರ ಸತ್ತಿರುತ್ತದೆ, ಅದಕ್ಕೇ ನೋವಿಲ್ಲ. ಕೀವು ಬೇರಿನ ಕೆಳಗೆ ಕೂತಿರುತ್ತದೆ. ತಿಂಗಳುಗಟ್ಟಲೆ ಬಿಟ್ಟು ಒಂದು ದಿನ ಕೆನ್ನೆ ಊದಿಕೊಂಡಾಗ, ಮೊದಲೇ ಹೋಗಿದ್ದರೆ ಫಿಲ್ಲಿಂಗಿನಲ್ಲಿ ಮುಗಿಯುತ್ತಿದ್ದದ್ದು ಈಗ ರೂಟ್ ಕೆನಾಲು, ಮೇಲೊಂದು ಕ್ಯಾಪು.

ಮನೆಯೊಳಗೆ ಹಲ್ಲಿಗೂ ಸರದಿ ಇದೆ. ದುಡಿಯುವ ಗಂಡಸಿನ ಹಲ್ಲು ಮೊದಲು. ಆಮೇಲೆ ಮದುವೆಗೆ ಬಂದ ಮಗಳದ್ದು. ತಾಯಿಯದ್ದು "ಮೆಕ್ಕೆಜೋಳ ಮಾರಿದ ಮೇಲೆ ನೋಡೋಣ". ಅಜ್ಜಿಯದ್ದನ್ನು ಯಾರೂ ಕೇಳುವುದಿಲ್ಲ, ಮುದ್ದೆ ನುಂಗುತ್ತಾಳಲ್ಲ, ಸಾಕು.

ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆ ಮಗಳ ಹಲ್ಲಿಗೆ ಮನೆಯವರು ಓಡಾಡುವುದಕ್ಕೆ ಇನ್ನೊಂದು ಕಾರಣವಿದೆ. ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು, ಆ ಕಡೆ ಎಷ್ಟೋ ಊರಲ್ಲಿ ದಾಟಿದೆ. ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ. ಹೆಣ್ಣು ನೋಡೋಕೆ ಬರುತ್ತಾರೆ ಅಂದಾಗ ಕನ್ನಡಿ ಹಿಡಿದು ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಹಾಕಿ ಉಜ್ಜುತ್ತಾರೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಎಳವೆಯಲ್ಲಿ ಹಲ್ಲು ದವಡೆಯೊಳಗೆ ಕಟ್ಟಿಕೊಳ್ಳುವಾಗಲೇ ಬಂದ ಕಲೆ ಅದು. ಉಜ್ಜಿ ಉಜ್ಜಿ ಹೊರಪದರ ಸವೆದು ಜುಮ್ಮೆನ್ನುತ್ತದೆ, ಅಷ್ಟೇ ಲಾಭ. ಡಾಕ್ಟರು ಬಿಳುಪು ಮಾಡಬಹುದು, ಮೇಲೆ ಹಲ್ಲಿನ ಬಣ್ಣದ ಲೇಪ ಕೂರಿಸಬಹುದು. ಒಂದು ವಾರ ಮುಂಚೆ ಬಂದು "ಭಾನುವಾರದೊಳಗೆ ಮಾಡಿಕೊಡಿ" ಅಂದರೆ ಅವರಾದರೂ ಏನು ಮಾಡಿಯಾರು?

ಚಿಕ್ಕ ಮಕ್ಕಳಿದ್ದರೆ ಇದೊಂದು ಗಮನಿಸಿ. ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಸದ್ದಿಲ್ಲದೆ ಮೂಡುತ್ತದೆ. ಅದಕ್ಕೆ ಜಾಗ ಬಿಡಲು ಯಾವ ಹಲ್ಲೂ ಬಿದ್ದಿರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಅದು ಹುಳುಕಾದರೆ "ಹಾಲುಹಲ್ಲಲ್ವಾ, ಬೀಳುತ್ತೆ ಬಿಡು" ಅನ್ನುತ್ತಾರೆ. ಅದು ಬಿದ್ದರೆ ಮತ್ತೆ ಬರುವುದಿಲ್ಲ. ಶಾಲೆಗೆ ತಪಾಸಣಾ ಶಿಬಿರ ಬಂದು ಚೀಟಿ ಕೊಟ್ಟು ಕಳಿಸಿದರೆ, ಆ ಚೀಟಿಯನ್ನು ಬ್ಯಾಗಿನ ತಳದಲ್ಲಿ ಬಿಡಬೇಡಿ.

ಸಂತೆಯಲ್ಲಿ, ಫುಟ್‌ಪಾತಿನಲ್ಲಿ ಹಲ್ಲು ಕಟ್ಟುವವರ ವಿಷಯ ಹೆಚ್ಚು ಹೇಳುವುದಿಲ್ಲ. ಪಕ್ಕದ ಹಲ್ಲಿಗೆ ಪ್ಲಾಸ್ಟಿಕ್ಕಿನಂಥದ್ದನ್ನು ಮೆತ್ತಿ ಕಳಿಸುತ್ತಾರೆ, ಅಡಿಯಲ್ಲಿ ವಸಡು ಕೊಳೆಯುತ್ತದೆ. ಕಾನೂನಿನ ಪ್ರಕಾರ ನೋಂದಣಿ ಇಲ್ಲದವರು ಈ ಕೆಲಸಕ್ಕೆ ಕೈ ಹಾಕುವಂತಿಲ್ಲ. ಕ್ಲಿನಿಕ್ಕಿಗೆ ಹೋದಾಗಲೂ ನೋಂದಣಿ ಇದೆಯಾ ಅಂತ ಕೇಳಿದರೆ ತಪ್ಪೇನಿಲ್ಲ.

ಈಗ ಅಜ್ಜಿಯ ಮಾತಿಗೆ ಬರೋಣ. ಬಾಯಲ್ಲಿ ಒಂದೂ ಹಲ್ಲಿಲ್ಲದ ಬಿಪಿಎಲ್ ಕುಟುಂಬದ ಹಿರಿಯರಿಗೆ ಪುಕ್ಕಟೆ ಸೆಟ್ ಕಟ್ಟಿಕೊಡಲು ನಮ್ಮ ರಾಜ್ಯ ಸರ್ಕಾರ ದಂತ ಭಾಗ್ಯ ಅಂತ ಯೋಜನೆ ತಂದಿತು, ದಂತ ಕಾಲೇಜುಗಳ ಮೂಲಕ. ಈಗ ನಡೆಯುತ್ತಿದೆಯಾ, ಯಾರಿಗೆ ಸಿಗುತ್ತದೆ ಅಂತ ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರನ್ನೇ ಕೇಳಿ. ಆದರೆ ಸೆಟ್ ಒಂದೇ ದಿನಕ್ಕೆ ಸಿಗುವುದಲ್ಲ. ಅಚ್ಚು ತೆಗೆಯಲು ಎರಡು ಸಲ, ದವಡೆಯ ಅಳತೆಗೆ ಒಂದು ಸಲ, ಮೇಣದ ಮೇಲೆ ಹಲ್ಲು ಜೋಡಿಸಿ ನೋಡಲು ಒಂದು ಸಲ, ಕೊನೆಗೆ ಕೊಡುವಾಗ ಒಂದು ಸಲ. ಹಾಕಿಕೊಂಡ ಮೇಲೆ ಒತ್ತಿದರೆ ತಿದ್ದಿಸಲು ಮತ್ತೆ. ಅರ್ಧಕ್ಕೆ ಬಿಟ್ಟ ಸೆಟ್ಟುಗಳು ಎಷ್ಟೋ, ಅಜ್ಜಿಗೆ ಮನಸ್ಸಿಲ್ಲದೆ ಅಲ್ಲ, ಕರೆದುಕೊಂಡು ಹೋಗುವವರಿಲ್ಲದೆ. ಹಾಗಾಗಿ ಮೊದಲ ದಿನವೇ ಕೌಂಟರಿನಲ್ಲಿ ಕೇಳಿಕೊಳ್ಳಿ: ಒಟ್ಟು ಎಷ್ಟು ಸಲ ಬರಬೇಕು, ಯಾವ ಯಾವ ವಾರ? ಅದನ್ನು ಕ್ಯಾಲೆಂಡರಿನಲ್ಲಿ ಬರೆದು, ಯಾವ ದಿನ ಯಾರು ಜೊತೆಗೆ ಅಂತ ಮನೆಯಲ್ಲೇ ಹಂಚಿಕೊಳ್ಳಿ. ಹೋಗುವಾಗ ರೇಷನ್ ಕಾರ್ಡು, ಆಧಾರ್, ಬಿಪಿ ಶುಗರ್ ಮಾತ್ರೆಗಳ ಚೀಟಿ ಚೀಲದಲ್ಲಿರಲಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಾದರೆ ಡಾಕ್ಟರಿಗೆ ಮೊದಲೇ ಹೇಳಬೇಕು. ಕೀಳಿಸುವ ದಿನವಾದರೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ, ತಿಂಡಿ ತಿನ್ನಿಸಿಯೇ ಬಸ್ ಹತ್ತಿಸಿ.

ನಮಸ್ಕಾರ.